ಬಲ್ಗೇರಿಯಾದ ಪಡ್ಡೆ ಹುಡುಗರ ಬಾಯಾಗೆ ನಮ್ಮ ಚೌಕಿಪೇಟೆ ಮಾತು ಹೆಂಗ್ರೀ ಬಂತು?

ಚೌಕಿಪೇಟೆ ಗಲ್ಲಾ, ದಾವಣಗೆರೆ
ಭಾನುವಾರ ರಾತ್ರಿ 10:40

ನಮಸ್ಕಾರ್ರೀ ಎಲ್ಲರಿಗೂ. ಮೊದಲೇ ಹೇಳಿಬಿಡ್ತೀನಿ, ನಾನು ಭಾಷಾ ಪಂಡಿತ ಅಲ್ಲ. ಬಿ.ಕಾಂ. ಮುಗಿಸಿ ಅಪ್ಪಾಜಿಯ ಬಟ್ಟೆ ಅಂಗಡಿ ಗಲ್ಲಾ ಹಿಂದೆ ಕೂತೋನು, ಮೂವತ್ತೆರಡು ವರ್ಷ ಆತು, ಇನ್ನೂ ಎದ್ದಿಲ್ಲ. ನನ್ನ ತಲೆಗೆ ಹುಳ ಬಿಟ್ಟಿರೋದು ಅಳಿಯ. ತಂಗಿ ಮಗ. ಬಲ್ಗೇರಿಯಾದ ಪ್ಲೋವ್ದಿವ್ ಅನ್ನೋ ಊರಾಗೆ ಡಾಕ್ಟ್ರಿಕೆ ಓದ್ತಾನೆ, ನಾಲ್ಕನೇ ವರ್ಷ. ಪಾಠ ಇಂಗ್ಲಿಷಿನಾಗೆ, ಆದ್ರೆ ವಾರ್ಡಿಗೆ ಇಳಿದ ಮೇಲೆ ರೋಗಿಗಳ ಜೊತೆ ಅವರ ಭಾಷೆನೇ ಆಡ್ಬೇಕು. ಪುಸ್ತಕದಾಗೆ ಸ್ವಲ್ಪ ಕಲಿತ, ಬೀದಿಯಾಗೆ ಜಾಸ್ತಿ ಕಲಿತ. ಈಗ ಬೀದಿದೇ ನಾಲಿಗೆ ತುದಿಯಾಗೆ ಐತೆ.

ಮೊದಲನೇ ಫೋನು ಎರಡು ವರ್ಷದ ಹಿಂದೆ. ಆಗಿನ್ನೂ ಅಲ್ಲಿ ಲೆವ್ ನಡೀತಿತ್ತು, ಯೂರೋ ಬಂದಿದ್ದಿಲ್ಲ. ಬೆಳಿಗ್ಗೆ ಏಳಕ್ಕೆ ಟೊಮೆಟೊ ತರಾಕೆ ಹೋಗ್ಯಾನೆ. ಮಾರೋ ಅಜ್ಜಿ ಇವನ ನೋಟು ಇಸಗೊಂಡು "ಸೆಫ್ತೆ!" ಅಂತ ಟೊಮೆಟೊ ಬುಟ್ಟಿ ಮೇಲೆಲ್ಲ ಸವರಿ, ನೆಲಕ್ಕೆ ಬಿಟ್ಟು, ಮತ್ತೆ ಎತ್ತಿಕೊಂಡು ಸೊಂಟದ ಚೀಲಕ್ಕೆ ಹಾಕ್ಕೊಂಡಳಂತೆ. ಇವನು ಅಲ್ಲೇ ನಿಂತು ನನಗೆ ಫೋನು. "ಮಾವಾ, ಇಲ್ಲೂ ಬೋಣಿ ಐತೆ!" ನಾನು ಆಗ ಅದನ್ನೇ ಮಾಡ್ತಿದ್ದೆ. ಮೊದಲ ಗಿರಾಕಿಯ ನೋಟು ಕಣ್ಣಿಗೆ ಒತ್ತಿಕೊಂಡು ಗಲ್ಲಾಪೆಟ್ಟಿಗೆ ಕದಕ್ಕೆ ಮುಟ್ಟಿಸಿ ಒಳಗೆ ಇಡ್ತೀವಲ್ಲ, ಹಂಗೆ. ಬೋಣಿ ಟೈಮಿನಾಗೆ ಗಿರಾಕಿ ಎಷ್ಟೇ ಚೌಕಾಸಿ ಮಾಡಿದ್ರೂ ಬರಿಗೈಲಿ ಕಳಿಸಂಗಿಲ್ಲ. ಆ ಅಜ್ಜಿನೂ ಹಂಗೇ ಅಂತೆ, ಎರಡು ಹಣ್ಣು ಜಾಸ್ತಿ ಹಾಕಿದಳು.

ಆಮೇಲೆ ಮನೆ ಓನರಮ್ಮನ ಕತೆ. ಒಂದಿನ ಬಂದು "ಚೆಷ್ಮಾ ಕೆಟ್ಟೈತೆ, ಮುಟ್ಟಬೇಡ" ಅಂದಳಂತೆ. ಇವನು ಮೂಗಿನ ಮೇಲಿನ ಚಷ್ಮಾ ತೆಗೆದು ತಿರುಗಿಸಿ ತಿರುಗಿಸಿ ನೋಡಿದ. ಸರಿಯಾಗೇ ಐತಲ್ಲ! ಆಯಮ್ಮ ಹೇಳಿದ್ದು ಅಂಗಳದ ನಲ್ಲಿ ಬಗ್ಗೆ.

ಮೂರನೇದು ಹೇಳಾಕೆ ನಾಚಿಕೆ, ಆದ್ರೂ ಹೇಳ್ತೀನಿ, ನನ್ನ ಕಸುಬಿಗೆ ಸಂಬಂಧಪಟ್ಟಿದ್ದು. ಅಂಗಡಿಗೆ ಅಲ್ಲಿ ದ್ಯುಕ್ಯಾನ್ ಅಂತಾರೆ. ನಮ್ಮ ದುಕಾನೇ. ಬಸ್ಸಿನಾಗೆ ಜೊತೆ ಹುಡುಗ ಇವನ ಕಿವಿಯಾಗೆ "ನಿನ್ನ ದ್ಯುಕ್ಯಾನ್ ತೆಗೆದೈತೆ" ಅಂದ. ಇವನಿಗೆ ಚೌಕಿಪೇಟೆ ಅಂಗಡಿ ಕಣ್ಮುಂದೆ ಬಂದು "ಹೌದು, ನಮ್ಮ ಮಾವ ಬೆಳಿಗ್ಗೆ ಒಂಬತ್ತಕ್ಕೇ ತೆಗೀತಾರೆ" ಅಂದ್ನಂತೆ. ಪ್ಯಾಂಟಿನ ಜಿಪ್ಪು ತೆಗೆದಿತ್ತು.

ಅವತ್ತಿಂದ ಅವನು ಪದ ಕಳಿಸ್ತಾನೆ, ನಾನು ಹಳೇ ಲೆಕ್ಕದ ವಹಿ ಹಿಂದಿನ ಹಾಳೆಯಾಗೆ ಬರ್ಕೊಂತೀನಿ. ಜೋಬ್ ಅಂದ್ರೆ ಜೋಬು. ನಮ್ಮ ಹಳ್ಳಿ ಕಡೆಯವರು ಅನ್ನೋ ಹಂಗೇ, ಜೇಬು ಕೂಡ ಅಲ್ಲ! ಬಕ್ಷಿಶ್ ಅಂದ್ರೆ ಬಕ್ಷೀಸು, ಮಹಲಾ ಅಂದ್ರೆ ಮೊಹಲ್ಲಾ, ಅಕಲ್ ಅಂದ್ರೆ ಅಕಲು. "ಹಾಬೆರ್ ಇಲ್ಲ" ಅಂದ್ರೆ ಏನೂ ಗೊತ್ತಿಲ್ಲ ಅಂತ. ನಮ್ಮ ಹರಪನಹಳ್ಳಿ ಬೀಗರು "ಅವಂಗೆ ಖಬರೇ ಇಲ್ಲ" ಅನ್ನಲ್ವಾ? "ಫಾಯ್ದಾ ಇಲ್ಲ" ಅಂದ್ರೆ ಫಾಯಿದೆ ಇಲ್ಲ.

ಈ ಕೊನೇದರಾಗೇ ಎಡವಟ್ಟಾಗಿದ್ದು. ವಾರ್ಡಿನಾಗೆ ಹಿರಿಯ ಡಾಕ್ಟ್ರು ಒಂದು ಮಾತ್ರೆ ಬಗ್ಗೆ ಕೇಳಿದಾಗ ಇವನು "ಫಾಯ್ದಾ ಇಲ್ಲ ಸಾರ್" ಅಂದುಬಿಟ್ಟ. ನರ್ಸುಗಳೆಲ್ಲ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಕ್ಕರು. ಸಂತೆಯಾಗೆ ಆಡೋ ಮಾತು ಅದು, ಇಲ್ಲಿ "ಪೋಲ್ಜಾ ಇಲ್ಲ" ಅನ್ನಬೇಕು ಅಂತ ಡಾಕ್ಟ್ರೇ ತಿದ್ದಿದರಂತೆ.

ನನ್ನ ತಲೆ ತಿನ್ನೋದು ಇದೇ. ನಾನು ಸೂರತ್ತಿನ ಹೋಲ್‌ಸೇಲಿನವರ ಜೊತೆ ಫಾಯಿದೆ, ಬಾಕಿ, ವಸೂಲಿ ಅಂತ ದಿನಾ ಮಾತಾಡ್ತೀನಿ, ಯಾರೂ ನಗಲ್ಲ. ಹಕ್ಕು ಅನ್ನೋ ಪದ ನಮ್ಮ ಸಂವಿಧಾನದಾಗೇ ಐತೆ. ಅಲ್ಲಿ ಯಾರಾದ್ರೂ ಜಾರಿ ಬಿದ್ರೆ "ಹಾಕ್ ತಿ ಎ" ಅಂತಾರಂತೆ, "ನಿಂಗೆ ಆಗ್ಬೇಕಾದ್ದೇ" ಅಂತ! ಅದೇ ಹಕ್ಕು, ಅಲ್ಲಿ ಹೋಗಿ ಹಲ್ಲು ಕಿಸೀತೈತೆ. ಇವೆಲ್ಲ ಟರ್ಕಿಯಿಂದ ಬಂದ ಪದ ಅಂತಾನೆ ಅಳಿಯ. ಹಂಗಾದ್ರೆ ನಮಗೂ ಟರ್ಕಿಯವರೇ ಕೊಟ್ರಾ? ಇಲ್ಲಿ ಕುರ್ಚಿ ಮೇಲೆ ಕೂತ ಪದ ಅಲ್ಲಿ ಯಾಕೆ ಕಟ್ಟೆ ಮೇಲೆ ಕೂತೈತೆ? ತಿಳಿದೋರು ಹೇಳ್ರಿ.


ಸುಮ್ನೆ ಓದೋನು
ಭಾನುವಾರ ರಾತ್ರಿ 11:05

ಉತ್ತರ ಗೊತ್ತಿಲ್ಲ ಸಾಹುಕಾರ್ರೇ. ನಮ್ಮ ಹೈಸ್ಕೂಲಿನಾಗೆ "ಪೋಸ್ಟಾಫೀಸ್ ತೆಗೆದೈತೆ" ಅಂತಿದ್ವಿ. ಅವರು ಅಂಗಡಿ ತೆಗೀತಾರೆ, ನಾವು ಸರ್ಕಾರಿ ಆಫೀಸು ತೆಗೀತೀವಿ. ಅಷ್ಟೇ ವ್ಯತ್ಯಾಸ.


ಹೊಳಲ್ಕೆರೆಯಿಂದ ಸೋಫಿಯಾಕ್ಕೆ
ಸೋಮವಾರ ಬೆಳಿಗ್ಗೆ 7:20

ಅಣ್ಣಾ, ನಾನು ಸೋಫಿಯಾದಲ್ಲಿ ನಾಲ್ಕು ಚಳಿಗಾಲ ಕಳೆದವನು, ಸಾಫ್ಟ್‌ವೇರ್ ಕೆಲಸ. ನಿಮ್ಮ ಅಳಿಯ ಹೇಳಿದ್ದು ಅಲ್ಲಿಯ ಮಟ್ಟಿಗೆ ಸರಿ. ನಮ್ಮ ಕಡೆಗೆ ಬಂದ ದಾರಿ ಮಾತ್ರ ಬೇರೆ. ನೀವು ಬರೆದ ಪದಗಳಲ್ಲಿ ಹೆಚ್ಚಿನವು ಮೂಲದಲ್ಲಿ ಟರ್ಕಿಶ್ ಅಲ್ಲವೇ ಅಲ್ಲ. ಫಾಯಿದೆ, ಖಬರು, ಅಕಲು, ಹಕ್ಕು, ಜೇಬು, ದುಕಾನು, ಮೊಹಲ್ಲಾ ಎಲ್ಲ ಅರಬ್ಬಿ. ಬಕ್ಷೀಸು, ಚಷ್ಮಾ ಪಾರಸಿ. ಪಾರಸಿಯಲ್ಲಿ ಚಶ್ಮ್ ಅಂದರೆ ಕಣ್ಣು. ನೀರಿನ ಕಣ್ಣು ಅಂದರೆ ಒರತೆ, ಅದು ಅಲ್ಲಿಗೆ ಹೋಗಿ ನಲ್ಲಿ ಆಯಿತು. ಮೂಗಿನ ಮೇಲಿನ ಕಣ್ಣು ನಮ್ಮಲ್ಲಿಗೆ ಬಂತು. ಓನರಮ್ಮನೂ ನಿಮ್ಮ ಅಳಿಯನೂ ಇಬ್ಬರೂ ಸರಿ. ಆಟೊಮನ್ ತುರ್ಕರು ಈ ಪದಗಳನ್ನು ಪಶ್ಚಿಮಕ್ಕೆ ಹೊತ್ತರು. ನಮ್ಮ ಕಡೆ ಬಿಜಾಪುರದ ಆದಿಲಶಾಹಿ, ಶಿರಾದ ಮೊಗಲ್ ಸುಬಾ, ಮರಾಠರು, ಆಮೇಲೆ 1779ರಲ್ಲಿ ಚಿತ್ರದುರ್ಗ ಹಿಡಿದ ಹೈದರನ ಕಚೇರಿ, ಹೀಗೆ ಒಬ್ಬರ ಹಿಂದೆ ಒಬ್ಬರು ಸುರಿದರು. ಒಂದೇ ಹೊಳೆಯ ಎರಡು ಕಾಲುವೆ.

ಸೆಫ್ತೆ ಕೂಡ ಅರಬ್ಬಿಯ "ತೆರೆಯುವುದು" ಅನ್ನೋ ಧಾತುವಿನಿಂದ ಬಂದದ್ದು. ಗೆಲುವಿಗೆ ಫತೇ ಅಂತಾರಲ್ಲ, ಅದೂ ಅದೇ ಧಾತು. ಕೋಟೆ ಬಾಗಿಲು ತೆರೆದರೆ ಫತೇ, ಅಂಗಡಿ ಬಾಗಿಲು ತೆರೆದರೆ ಸೆಫ್ತೆ.

ಈಗ ಕಟ್ಟೆ ಮಾತು ಯಾಕಾಯಿತು ಅನ್ನೋದು. ಬಲ್ಗೇರಿಯಾ 14ನೇ ಶತಮಾನದ ಕೊನೆಯಿಂದ 1878ರವರೆಗೆ ಆಟೊಮನ್ನರ ಕೈಯಲ್ಲಿತ್ತು, ಹೆಚ್ಚುಕಡಿಮೆ ಐನೂರು ವರ್ಷ. ಬಿಡುಗಡೆ ಆದ ಮೇಲೆ ಹೊಸ ಶಾಲೆ, ಹೊಸ ಕಚೇರಿ, ಹೊಸ ಪತ್ರಿಕೆಗಳಿಗೆ ಟರ್ಕಿಶ್ ವಾಸನೆ ಬೇಡವಾಯಿತು. ರಷ್ಯನ್ನಿನಿಂದ, ಚರ್ಚಿನ ಹಳೇ ಸ್ಲಾವಿಕ್‌ನಿಂದ ಪದ ತಂದು ಕೂರಿಸಿದರು. ಇವಾನ್ ಬೊಗೊರೊವ್ ಅಂತ ಒಬ್ಬರಿದ್ದರು, ಅನ್ಯಭಾಷೆಯ ಪದ ಕಂಡರೆ ಆಗದವರು. ಬೆಂಕಿಕಡ್ಡಿಗೆ ಅಲ್ಲಿ ಕಿಬ್ರಿತ್ ಅನ್ನುತ್ತಾರೆ. ಅದನ್ನು ಓಡಿಸಲು ಅವರು "ಗೀರು-ಹೊತ್ತಿಸು-ಕಡ್ಡಿ" ಅಂತ ಉದ್ದದ ಪದ ಕಟ್ಟಿದರು ಅಂತ ಜನ ಇವತ್ತಿಗೂ ಆಡಿಕೊಳ್ಳುತ್ತಾರೆ. ಕಿಬ್ರಿತ್ ಏನೂ ಜಗ್ಗಲಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಎದುರಾಳಿ ಇಲ್ಲದ ಪದ ಹಾಗೇ ಉಳಿಯಿತು. ಜೋಬ್, ಚೆಷ್ಮಾ, ಕಿಬ್ರಿತ್ ಇವನ್ನು ಮಂತ್ರಿಯೂ ಬಳಸುತ್ತಾನೆ, ಯಾರೂ ನಗುವುದಿಲ್ಲ. ಎದುರಾಳಿ ಹುಟ್ಟಿದ ಪದ ಮಾತ್ರ ಕೆಳಗಿಳಿಯಿತು. ಪೋಲ್ಜಾ ಬಂತು, ಫಾಯ್ದಾ ಸಂತೆಗೆ ಹೋಯಿತು. ಮಗಜೀನ್ ಬಂತು, ದ್ಯುಕ್ಯಾನ್ ಗಲ್ಲಿ ಮೂಲೆಯ ಗೂಡಂಗಡಿ ಆಯಿತು, ಕೊನೆಗೆ ಪ್ಯಾಂಟಿನ ಜಿಪ್ಪಿಗೂ ಇಳಿಯಿತು. ಹಾಗಂತ ಸಾಯಲಿಲ್ಲ. ವ್ಯಂಗ್ಯಕ್ಕೆ, ತಮಾಷೆಗೆ, ಬೈಗುಳಕ್ಕೆ, ಗೆಳೆಯರ ಸಲಿಗೆಗೆ ಇವೇ ಬೇಕು. ಶುದ್ಧ ಸ್ಲಾವಿಕ್‌ನಲ್ಲಿ ಬೈದರೆ ಬೈದಂಗೇ ಆಗಲ್ಲ ಅಂತ ನನ್ನ ಪಕ್ಕದ ಸೀಟಿನವನು ಹೇಳೋನು.

ಕೆಲವಂತೂ ಬಲು ಮಜ. ಚಾಲಾಕಿಗೆ, ಎಲ್ಲಿ ಹೋದರೂ ತನ್ನ ಬೇಳೆ ಬೇಯಿಸಿಕೊಳ್ಳೋನಿಗೆ ತಾರಿಕಾತ್ ಅಂತಾರೆ. ಮೂಲ ಏನು ಗೊತ್ತಾ? ತರೀಕತ್, ಸೂಫಿಗಳ ಸಾಧನೆಯ ದಾರಿ! ಮೋಸ ಹೋಗೋ ಪಾಪದವನಿಗೆ ಬಾಲಕ್. ಟರ್ಕಿಶ್‌ನಲ್ಲಿ ಅದು ಮೀನು. ನಾವು ಬಕ್ರಾ ಮಾಡ್ತೀವಿ, ಅವರು ಮೀನು ಹಿಡೀತಾರೆ. "ಬರಾಬಾರ್ ಪೆತ್ಕೊ ಗಂಡಸರ ಜೊತೆ" ಅಂತ ಒಂದು ಗಾದೆ ಇದೆ, ಸಣ್ಣ ಹುಡುಗ ಪೆತ್ಕೊ ದೊಡ್ಡವರ ಸಮಕ್ಕೆ ನಿಂತ ಅಂತ. ಹುಲಿ ನೋಡಿ ನರಿ ಬರೆ ಹಾಕ್ಕೊಂಡಿತು ಅಂತೀವಲ್ಲ, ಆ ಧಾಟಿ. ಬರಾಬಾರ್ ಅಂದರೆ ನಿಮ್ಮ ಕಡೆಯ ಬರೋಬ್ಬರಿಯೇ.

ನಿಮ್ಮ ಅಳಿಯನ ಊರಿನವರಿಗೆ ಇನ್ನೊಂದು ಪದದ ಮೇಲೆ ಬಹಳ ಜಂಬ, ಐಲ್ಯಾಕ್. ಟರ್ಕಿಶ್‌ನಲ್ಲಿ ಕೆಲಸ ಇಲ್ಲದ ಉಂಡಾಡಿ ಅಂತ. ಪ್ಲೋವ್ದಿವ್‌ನವರು ಅದನ್ನೇ ಬಿರುದು ಮಾಡಿಕೊಂಡರು. ಅವಸರ ಇಲ್ಲ, ಕಾಫಿ ಮುಂದೆ ಇಟ್ಟುಕೊಂಡು ಎರಡು ತಾಸು ಕೂರೋದು. ಸೋಫಿಯಾದವರು ಅವರನ್ನು ಹಂಗಿಸೋದೂ ಅದೇ ಪದದಲ್ಲಿ. ಆ ಕಾಫಿಗೂ ಒಂದು ಬಾಲ ಇದೆ, ನಾವು ಕಾಫಿ ಗೀಫಿ ಅಂದ ಹಾಗೆ "ಕಫೆ ಮಫೆ". ಟರ್ಕಿಶ್‌ನಿಂದ ಪದ ಮಾತ್ರ ಅಲ್ಲ, ಪದಕ್ಕೆ ಬಾಲ ಕಟ್ಟೋ ಚಾಳಿಯೂ ಬಂತು. ನಮ್ಮ ಗಕಾರ ನಮ್ಮದೇ, ಅದನ್ನು ಯಾರೂ ಕೊಟ್ಟಿದ್ದಲ್ಲ.


ಮಂಡಕ್ಕಿ ಭಟ್ಟಿ ಟೈಲರ್
ಸೋಮವಾರ ಮಧ್ಯಾಹ್ನ 2:15

ಸಾಹುಕಾರ್ರೇ, ನಾವು ಮನೇಲಿ ಉರ್ದು ಮಾತಾಡೋರು, ಅಂಗಡೀಲಿ ಕನ್ನಡ. ನಿಮ್ಮ ಲಿಸ್ಟು ಮನೇಲಿ ಜೋರಾಗಿ ಓದಿದೆ. ಅಮ್ಮಿ "ಇದರಾಗೆ ಹೊಸಾದ್ ಏನೈತೆ?" ಅಂದ್ರು.

ಆದ್ರೆ ನಮ್ಮ ಹುಡುಗ ಮೊಬೈಲಿನಾಗೆ ಹುಡುಕಿ ಒಂದು ಹೇಳಿದ, ಅದನ್ನ ಬರೀಲೇಬೇಕು. ಬಲ್ಗೇರಿಯಾದಾಗೆ ತಮಾಷೆಗೆ ಮಾಯ್ತಾಪ್ ಅಂತಾರಂತೆ. ತಮಾಷೆ ಮಾಡೋನು ಮಾಯ್ತಾಪ್ಚಿಯಾ. ಅದು ಪಾರಸಿಯ ಮಹ್ತಾಬ್, ಬೆಳದಿಂಗಳು. ಬೆಳದಿಂಗಳಿಗೂ ತಮಾಷೆಗೂ ಎಲ್ಲಿಂದೆಲ್ಲಿಗೆ ಅಂತ ನನಗೆ ಊಟ ಸೇರಲಿಲ್ಲ. ಆಮೇಲೆ ಹೊಳೀತು. ದೀಪಾವಳಿಗೆ ಹುಡುಗರು ಹಚ್ಚೋ ಮತಾಪು! ಸದ್ದು ಮಾಡದೆ ಬಣ್ಣದ ಬೆಳಕು ಉಗುಳೋದು. ಟರ್ಕಿಯವರೂ ಬೆಳದಿಂಗಳಿಂದ ಅದೇ ಬಣ್ಣದ ಬತ್ತಿಗೆ ಹೆಸರಿಟ್ರು, ಮಾಯ್ತಾಪ್ ಅಂತ. ಒಬ್ಬನನ್ನ ಗೇಲಿ ಮಾಡೋದಕ್ಕೆ "ಅವನನ್ನ ಮಾಯ್ತಾಪಿಗೆ ತಗೊಂಡ್ರು" ಅಂತಾರಂತೆ. ಬಲ್ಗೇರಿಯಾದೋರು ಬತ್ತಿ ಬಿಟ್ಟು ನಗು ಇಟ್ಕೊಂಡ್ರು. ನಾವು ನಗು ಬಿಟ್ಟು ಬತ್ತಿ ಇಟ್ಕೊಂಡ್ವಿ. ಮತಾಪು ಹಚ್ಚಿದಾಗ ಮುಖ ಕೆಂಪಗೆ ಕಾಣ್ತದಲ್ಲ, ನಾಲ್ಕು ಜನದ ಮುಂದೆ ಗೇಲಿ ಮಾಡಿದ್ರೂ ಹಂಗೇ ಕಾಣ್ತದೆ.

ಇನ್ನೊಂದು, ಪೈಲ್ವಾನ್. ಅಲ್ಲಿ ಪೆಹ್ಲಿವಾನಿನ್. ಹಬ್ಬಕ್ಕೆ ಅವರ ಹಳ್ಳೀಲೂ ಕುಸ್ತಿ ಇಡ್ತಾರಂತೆ. ದುಗ್ಗಮ್ಮನ ಜಾತ್ರೆ ಕುಸ್ತಿಗೆ ನಾನು ಒಂದು ಸಲವೂ ತಪ್ಪಿಸಿಲ್ಲ. ಗರಡಿ ಮನೇಲಿ ಕಲಿಸೋರಿಗೆ ಉಸ್ತಾದ್ ಅಂತೀವಿ, ಅಲ್ಲಿ ಹಳೇ ಕಾಲದ ಕಟ್ಟಡದ ಮೇಸ್ತ್ರಿಗೆ ಉಸ್ತಾ. ನನಗೂ ಕತ್ತರಿ ಹಿಡಿಯೋದು ಹೇಳಿಕೊಟ್ಟವರು ಉಸ್ತಾದೇ, ಈಗಿನ ಹುಡುಗರು ಮಾಸ್ಟರ್ ಅಂತಾರೆ. ಇರಲಿ ಬಿಡಿ.


ನಿವೃತ್ತ ಶಿರಸ್ತೇದಾರ್, ದುರ್ಗ
ಸೋಮವಾರ ಸಂಜೆ 6:50

ಮೂವತ್ತಾರು ವರ್ಷ ಕಂದಾಯ ಇಲಾಖೆಯಲ್ಲಿ ಲೇಖನಿ ಸವೆಸಿದವನು ನಾನು. ಹೊಳಲ್ಕೆರೆಯ ಹುಡುಗ ಚೆನ್ನಾಗಿ ಬರೆದಿದ್ದಾನೆ, ಒಂದು ಕಡೆ ಮಾತ್ರ ಅವಸರ ಮಾಡಿದ್ದಾನೆ. ನಮಗೆ ಬಂದದ್ದೆಲ್ಲ ಅರಬ್ಬಿ, ಪಾರಸಿ ಎಂಬಂತೆ ಹೇಳಿಬಿಟ್ಟರೆ ಹೇಗೆ? ಅಪ್ಪಟ ತುರ್ಕಿ ಸಾಮಾನೂ ನಮ್ಮ ಮನೆಯಲ್ಲಿದೆ. ಖಜಾಂಚಿ ಪದ ನೋಡಿ. ಖಜಾನೆ ಅರಬ್ಬಿಯದು, ಕೊನೆಯ "ಚಿ" ತುರ್ಕಿಯದು. ಮಶಾಲ್ಚಿಯದೂ ಅದೇ ಚಿ. ನಮ್ಮ ಟೈಲರ್ ಸಾಹೇಬರು ಹೇಳಿದ ಮಾಯ್ತಾಪ್ಚಿಯಾದ ಬಾಲವೂ ಅದೇ.

ತೋಪು ಇನ್ನೊಂದು. ಕೋಟೆಯ ಮೇಲಿಟ್ಟ ಫಿರಂಗಿ. ತುರ್ಕಿಯ ತೋಪ್, ಬಲ್ಗೇರಿಯಾದಲ್ಲೂ ತೋಪ್.

ಈಗ ಕಚೇರಿಯ ವಿಚಾರ. ಚೌಕಿಪೇಟೆಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಇಲ್ಲಿ ರಾಜ್ಯಗಳು ಬದಲಾದವು, ದಫ್ತರ ಬದಲಾಗಲಿಲ್ಲ. ಹೈದರ್ ಹೋದ, ಟಿಪ್ಪು ಹೋದ, ಒಡೆಯರು ಬಂದರು, ಇಂಗ್ಲಿಷರು ಬಂದರು. ತಹಸೀಲ್ದಾರ ತಹಸೀಲ್ದಾರನಾಗಿಯೇ ಉಳಿದ. ಅರ್ಜಿ, ಹುಕುಂ, ಜಮಾಬಂದಿ, ಮಂಜೂರು, ರುಜುವಾತು, ಇವನ್ನು ತೆಗೆದರೆ ನನ್ನ ಸರ್ವೀಸಿನಲ್ಲಿ ಸಹಿ ಒಂದೇ ಉಳಿಯುತ್ತಿತ್ತು. 1997ರಲ್ಲಿ ದಾವಣಗೆರೆ ನಮ್ಮಿಂದ ಬೇರೆ ಜಿಲ್ಲೆ ಆದಾಗ ಕಡತ ಹಂಚಿದ್ದೂ ಇದೇ ಪದಗಳಲ್ಲಿ. ಜಿಲ್ಲೆ ಎಂಬುದೇ ಅರಬ್ಬಿ. ಅಲ್ಲಿ ದಫ್ತರವನ್ನೇ ಹೊಸದಾಗಿ ಬರೆದರು, ಹಾಗಾಗಿ ಹಳೆಯ ಪದಗಳು ಬೀದಿಗೆ ಬಿದ್ದವು. ನಮ್ಮಲ್ಲಿ ಒಂದು ಪದ ಮಾತ್ರ ಕಚೇರಿಯಿಂದ ಮಾಯವಾಗಿದೆ, ರುಷುವತ್ತು, ಅಂದರೆ ಲಂಚ. ಅಲ್ಲಿ ಈಗಲೂ ರುಷ್ವೆತ್ ಎನ್ನುತ್ತಾರೆ. ಪದ ಹೋಗಿದೆ, ಅಷ್ಟೇ. ಹೆಚ್ಚು ಹೇಳಿದರೆ ಪಿಂಚಣಿಗೆ ತೊಂದರೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಪದ ಕೊಡುತ್ತೇನೆ, ಕೆಫ್. ಅಲ್ಲಿನ ಹುಡುಗರು ಯಾವುದಾದರೂ ಹಿಡಿಸಿದರೆ "ಕೆಫಿ ಮೆ" ಎನ್ನುತ್ತಾರೆ, ಮಜಾ ಇದೆ ಎಂದು. ಅದು ಅರಬ್ಬಿಯ ಕೈಫ್, ಅಂದರೆ "ಹೇಗೆ". ಹೇಗಿದ್ದೀಯೆ ಎಂಬುದು ಮನಸ್ಥಿತಿಯಾಗಿ, ಒಳ್ಳೆಯ ಮನಸ್ಥಿತಿಯಾಗಿ, ಅಮಲಾಗಿ, ಮಜವಾಯಿತು. ಅದೇ "ಹೇಗೆ"ಗೆ ಪ್ರತ್ಯಯ ಹತ್ತಿ ಕೈಫಿಯತ್ತು ಆಯಿತು, ಇದ್ದ ಸ್ಥಿತಿಯ ವರದಿ. 1799ರ ನಂತರ ಮೈಸೂರು ಸೀಮೆಯ ಸರ್ವೆಗೆ ಬಂದ ಕರ್ನಲ್ ಮೆಕೆಂಜಿ ಊರೂರಿನ ಕೈಫಿಯತ್ತು ಬರೆಸಿ ಕೂಡಿಹಾಕಿದ. ಒಂದೇ ಬೇರು. ಅಲ್ಲಿ ಹುಡುಗರ ಮಜಾ, ಇಲ್ಲಿ ಊರ ಮುದುಕರ ಸಾಕ್ಷಿ.


ಹೊಳಲ್ಕೆರೆಯಿಂದ ಸೋಫಿಯಾಕ್ಕೆ
ಸೋಮವಾರ ರಾತ್ರಿ 9:30

ಒಪ್ಪಿದೆ ಸಾರ್, ಖಜಾಂಚಿ ನನಗೆ ಹೊಳೆದಿರಲಿಲ್ಲ. ಆ "ಚಿ" ಅಲ್ಲಿ ಇವತ್ತಿಗೂ ಹೊಸ ಮರಿ ಹಾಕುತ್ತಿದೆ. ಟ್ಯಾಕ್ಸಿ ಓಡಿಸೋನು ತಕ್ಸಿಜಿಯಾ, ಪಾರ್ಟಿ ಹುಚ್ಚಿನವನು ಕುಪೋನ್ಜಿಯಾ, ಜೇಬುಗಳ್ಳ ಜೆಬ್ಚಿಯಾ. ನಮ್ಮ ಖಜಾಂಚಿ ಒಬ್ಬನೇ ಮುದುಕನಾಗಿ ಕೂತ.

ತೋಪಿನ ಬಗ್ಗೆ ನೀವೇ ಎತ್ತಿದ್ದರಿಂದ ಹೇಳುತ್ತೇನೆ. ಯಾರಾದರೂ ಸತ್ತರೆ ಬಲ್ಗೇರಿಯಾದ ಹುಡುಗರು "ತೋಪು ಎಸೆದ" ಅನ್ನುತ್ತಾರೆ. ಟರ್ಕಿಶ್‌ನಲ್ಲಿ "ತೋಪು ಎಸೆದ" ಅಂದರೆ ದಿವಾಳಿ ಎದ್ದ. ನಾವು ಓಡದ ಸಿನಿಮಾಗೆ "ತೋಪೆದ್ದು ಹೋಯ್ತು" ಅಂತೀವಿ. ಇವಕ್ಕೆ ನಂಟು ಕಟ್ಟಲು ಹೋಗಬೇಡಿ, ಪಕ್ಕ ಪಕ್ಕ ಇಟ್ಟು ನೋಡಿ ಅಷ್ಟೇ.

ಬಹಾದ್ದೂರ್ ಇನ್ನೂ ಮೇಲು. ಅದೂ ತುರ್ಕಿ-ಮಂಗೋಲ್ ಕಡೆಯದು, ವೀರ ಅಂತ. ಬಲ್ಗೇರಿಯಾಕ್ಕೆ ಅದು ಆಟೊಮನ್ನರಿಗಿಂತ ಬಹಳ ಮುಂಚೆಯೇ ಬಂದಿತ್ತು. 681ರಲ್ಲಿ ಅಲ್ಲಿ ರಾಜ್ಯ ಕಟ್ಟಿದ ಮೂಲ ಬಲ್ಗಾರರು ಸ್ಲಾವ್ ಜನ ಅಲ್ಲ, ತುರ್ಕಿ ಬಗೆಯ ಭಾಷೆ ಆಡುತ್ತಿದ್ದ ಕುದುರೆ ಸವಾರರು. ಅವರ ಕಲ್ಲಿನ ಶಾಸನಗಳಲ್ಲಿ ಬಗತೂರ್ ಅಂತ ಪದವಿ ಕೆತ್ತಿದ್ದಾರೆ, ಗ್ರೀಕ್ ಲಿಪಿಯಲ್ಲಿ. ಆ ಬಗತೂರನೂ ನಮ್ಮ ಹೈದರಾಲಿ ಖಾನ್ ಬಹಾದ್ದೂರನೂ ಒಂದೇ ಬಿರುದಿನವರು.


ಚೌಕಿಪೇಟೆ ಗಲ್ಲಾ, ದಾವಣಗೆರೆ
ಮಂಗಳವಾರ ರಾತ್ರಿ 10:10

ಎಲ್ಲರಿಗೂ ಶರಣು. ವಹಿ ಹಿಂದಿನ ಹಾಳೆ ತುಂಬಿ ಈಗ ರಟ್ಟಿನ ಮೇಲೆ ಬರೀತಿದೀನಿ. ಶಿರಸ್ತೇದಾರ್ ಸಾಹೇಬ್ರು ಹೇಳಿದ್ದು ನನಗೆ ನೆಟ್ಟಗೆ ತಾಗ್ತು, ದಫ್ತರ ಬದಲಾಗಲಿಲ್ಲ ಅನ್ನೋದು. ನಮ್ಮ ಅಂಗಡಿ ವಹಿಯಾಗೆ ಅಜ್ಜ ಬರೆದ "ಬಾಕಿ" ಅಪ್ಪಾಜಿ ಕಾಲಕ್ಕೂ ಬಾಕಿ, ನನ್ನ ಕಾಲಕ್ಕೂ ಬಾಕಿ. ಪದವೂ ಹಂಗೇ ಐತೆ, ದುಡ್ಡೂ ಹಂಗೇ ಐತೆ.

ಮತಾಪಿನ ಕತೆ ಅಳಿಯಂಗೆ ಹೇಳಿದೆ. ಅವನು ಓನರಮ್ಮಂಗೆ ಹೇಳ್ಯಾನೆ. ಆಯಮ್ಮ ನಂಬಲಿಲ್ಲ, "ಮಾಯ್ತಾಪ್ ಮಾಡ್ತಿದೀಯ" ಅಂದಳಂತೆ. ಕೊನೆಗೆ ಹೋದ ದೀಪಾವಳಿ ವಿಡಿಯೋ ತೋರಿಸ್ಯಾನೆ, ನಮ್ಮ ಮೊಮ್ಮಗಳು ಮತಾಪು ಹಿಡ್ಕೊಂಡು ಕುಣಿಯೋದು. ಅಷ್ಟಕ್ಕೆ ಒಂದು ಬಾಟ್ಲಿ ಉಪ್ಪಿನಕಾಯಿ ಕೊಟ್ಟಾಳೆ, ಅವರ ಉಪ್ಪಿನಕಾಯಿಗೆ ಹುಳಿ ಬಿಟ್ರೆ ಬೇರೆ ಏನೂ ಇರಲ್ಲಂತೆ. ಇವನಿಗೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಕಳಿಸ್ಬೇಕು.

ನಿನ್ನೆ ಅವನು ಕಳಿಸಿದ ಪದ ಚಾರ್ಷಾಫ್. ಇದಕ್ಕೆ ಮಾತ್ರ ನಿಮ್ಮನ್ನ ಕೇಳಾಕಿಲ್ಲ, ಟೈಲರ್ ಸಾಹೇಬ್ರ ಹುಡುಗನೇ ಅಂಗಡಿಗೆ ಬಂದು ಬಿಡಿಸಿ ಹೇಳಿದ. ಪಾರಸಿಯಾಗೆ ಚಾದರ್ ಅಂದ್ರೆ ನಮ್ಮ ಚಾದರ, ಶಬ್ ಅಂದ್ರೆ ರಾತ್ರಿ. ಚಾದರ್-ಶಬ್, ರಾತ್ರಿ ಚಾದರ. ತುರ್ಕರ ಬಾಯಾಗೆ ಮುದುಡಿ ಮುದುಡಿ ಚಾರ್ಷಾಫ್ ಆತು, ಬಲ್ಗೇರಿಯಾದಾಗೆ ಹಾಸಿಗೆ ಮೇಲೆ ಹಾಸೋ ಬಟ್ಟೆ. ಮೂವತ್ತೆರಡು ವರ್ಷ ಚಾದರ ಮಾರಿದೀನಿ, ಅದಕ್ಕೆ ಅಷ್ಟು ದೂರದಾಗೆ ಒಬ್ಬ ಅಣ್ಣ ಅದಾನೆ ಅಂತ ಗೊತ್ತಿದ್ದಿಲ್ಲ.

ಹುರುಪಿಗೆ ಇವತ್ತು ಬೆಳಿಗ್ಗೆ ಸ್ಟಾಕು ಬರೆಸುವಾಗ ಗುಮಾಸ್ತನಿಗೆ "ಚಾರ್ಷಾಫ್, ಡಬಲ್, ನಲವತ್ತು" ಅಂತ ಹೇಳಿಬಿಟ್ಟೆ. ಅವನು ಪೆನ್ನು ಎತ್ತಿ ಹಿಡಿದು, ಕೆಳಗಿನ ಖಾನೆಯಿಂದ ಮೇಲಿನ ಖಾನೆವರೆಗೂ ಒಂದು ಸಲ ನೋಡಿ, "ಇದ್ಯಾವ ಮಾಲ್ರೀ ಸಾಹುಕಾರ್ರೇ? ಸೊಲ್ಲಾಪುರದ್ದಾ?" ಅಂದ.